ಮೇಷ್ಟ್ರೇ, ಗೌರಿಬಿದನೂರಿನಲ್ಲಿ ಓಕ್ ಮರ ಎಲ್ಲಿದೆ?

ನನ್ನ ಡ್ರಾಯಿಂಗ್ ಮೇಷ್ಟ್ರಿಗೆ,

ನಿಮ್ಮ ಶೈಲಾ ಬರೆಯುತ್ತಿದ್ದೇನೆ. ನೀವು ಕ್ಷೇಮವೇ ಎಂದು ಕೇಳುವ ಹಾಗಿಲ್ಲ, ನಾವು ಕ್ಷೇಮ ಎಂದು ಹೇಳುವ ಮನಸ್ಸೂ ಇಲ್ಲ. ನೀವು ಹೋಗಿ ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ನಿಮ್ಮ ಮೇಲೆ ಬಂದಷ್ಟು ಸಿಟ್ಟು, ಶಿಷ್ಯೆಯಾಗಿದ್ದ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. ಹೋದವರನ್ನು ನೆನೆದು ಅಳಬಹುದಂತೆ, ಬೈಯಬಾರದಂತೆ. ಅಳುವುದು ಮುಗಿಯಿತು ಸಾರ್. ಈಗ ಬೈಗುಳ ಬಾಕಿ ಇದೆ, ಕೂತು ಪೂರ್ತಿ ಓದಿ. ನಡುವೆ ಎದ್ದು ಹೋಗಿ ಟೀ ಕುಡಿಯುವ ನಿಮ್ಮ ಅಭ್ಯಾಸ ಇವತ್ತು ನಡೆಯುವುದಿಲ್ಲ.

ಒಂಬತ್ತನೇ ತರಗತಿಯ ನಿಮ್ಮ ಮೊದಲ ಪೀರಿಯಡ್ ನೆನಪಿದೆಯಾ? ಶಿಡ್ಲಘಟ್ಟದ ನಮ್ಮ ಸ್ಕೂಲಿನಲ್ಲಿ ಅಲ್ಲಿಯವರೆಗೆ ಡ್ರಾಯಿಂಗ್ ಅಂದರೆ ಮಾವಿನಕಾಯಿ, ಮಡಕೆ, ಎರಡು ಬೆಟ್ಟದ ನಡುವೆ ಸೂರ್ಯ. ನೀವು ಬಂದವರೇ ರಟ್ಟಿಗೆ ಅಂಟಿಸಿದ ಒಂದು ಚಿತ್ರವನ್ನು ಎತ್ತಿ ಹಿಡಿದಿರಿ. ಹಿಮ ಬಿದ್ದ ಸ್ಮಶಾನ. ಕುಸಿದುಹೋದ ಚರ್ಚಿನ ಒಂದೇ ಒಂದು ಗೋಡೆ, ಸುತ್ತ ಎಲೆಯೆಲ್ಲ ಉದುರಿದ ಓಕ್ ಮರಗಳು, ಕೆಳಗೆ ಇರುವೆ ಸಾಲಿನ ಹಾಗೆ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ಹೋಗುತ್ತಿದ್ದರು. "ಇನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ರೊಮ್ಯಾಂಟಿಕ್ ಅಂತ ಒಂದು ಕಾಲ ಇತ್ತು" ಅಂದಿರಿ. ಹುಡುಗಿಯರೆಲ್ಲ ಕಿಸಿಕಿಸಿ ನಕ್ಕೆವು. ನೀವು ಆ ಪೆಟ್ಟಿಗೆಯ ಮೇಲೆ ಬೆರಳಿಟ್ಟು, "ಅಂದ್ರೆ ಇದು" ಅಂದಿರಿ. ನಾನು ಎದ್ದು ನಿಂತು, "ಸಾರ್, ತಮಟೆಯವ್ರು ಎಲ್ಲಿ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದಲ್ಲ, ನಮ್ಮ ಬೀದಿಯಲ್ಲಿ ಯಾರೇ ಹೋದರೂ ತಮಟೆ ಇಲ್ಲದೆ ಹೊರಡುತ್ತಿರಲಿಲ್ಲ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನೀವು ಮಾತ್ರ ನನ್ನ ಮುಖವನ್ನೇ ನೋಡಿ, "ಅಲ್ಲಿ ತಮಟೆ ಕೆಲಸಾನ ಆಕಾಶ ಮಾಡ್ತದೆ ಕಣಮ್ಮ. ಸರಿಯಾಗಿ ನೋಡು" ಅಂದಿರಿ. ನೋಡಿದೆ. ಅವತ್ತಿನಿಂದ ನನ್ನ ಗ್ರಹಚಾರ ಶುರುವಾಯಿತು.

ಆಮೇಲೆ ಎರಡು ವರ್ಷ ನೀವು ನಮಗೆ ತೋರಿಸಿದ್ದೆಲ್ಲ ಬರೀ ಸಾವು. ಗುಹೆಯ ಬಾಗಿಲಲ್ಲಿ ಹುಡುಗಿಯನ್ನು ಮಣ್ಣು ಮಾಡುವ ಚಿತ್ರ ಒಂದಿತ್ತು. ಬಿಳಿ ಬಟ್ಟೆ, ಹಿಂದೆ ಮುದಿ ಪಾದ್ರಿ, ಅವಳ ಮೊಣಕಾಲು ತಬ್ಬಿ ಕೂತ ಪ್ರಿಯಕರ. ಹಡಗಿನ ಮೇಲಿಂದ ಹೆಣವನ್ನು ಸಮುದ್ರಕ್ಕೆ ಇಳಿಸುವ ಚಿತ್ರದಲ್ಲಿ ಹಾಯಿಗಳೆಲ್ಲ ಮಸಿಯಷ್ಟು ಕಪ್ಪು. "ಅಷ್ಟು ಕಪ್ಪು ಯಾಕೆ ಹಾಕ್ದ ಹೇಳಿ?" ಎಂದು ಕೇಳಿ, ನಾವು ಹೇಳುವ ಮೊದಲೇ ನೀವೇ ಹೇಳಿಬಿಡುತ್ತಿದ್ದಿರಿ. ಬರೆದವನ ಹತ್ತಿರ ಅದಕ್ಕಿಂತ ಕಪ್ಪು ಬಣ್ಣ ಇರಲಿಲ್ಲವಂತೆ, ಇದ್ದಿದ್ದರೆ ಅದನ್ನೂ ಹಾಕುತ್ತಿದ್ದನಂತೆ. ಮುರಿದ ಹಡಗಿನ ಹಲಗೆಗಳ ಮೇಲೆ ಸತ್ತ ಮಗನನ್ನು ತೊಡೆಗೆ ಹಾಕಿಕೊಂಡು ಬೇರೆಲ್ಲೋ ನೋಡುತ್ತಿದ್ದ ಮುದುಕನ ಚಿತ್ರ ಬಂದರೆ ಮಾತ್ರ ಏನೂ ಹೇಳದೆ ಕೆಳಗಿಡುತ್ತಿದ್ದಿರಿ. ನಾವು ಕೇಳುತ್ತಲೂ ಇರಲಿಲ್ಲ. ಕೇಳಬೇಕಿತ್ತೇನೋ... ಬಿಡಿ. "ಅಳೋರ ಮುಖ ಬರೀಬೇಡಿ, ಬೆನ್ನು ಬರೀರಿ. ಮುಖದಲ್ಲಿ ಸುಳ್ಳು ಹೇಳ್ಬೋದು. ಕೈ ಮಾತ್ರ ನಿಜವಾಗಿ ಬರೀರಿ" ಎಂದು ಹೇಳಿ ಹೇಳಿ, ಪರೀಕ್ಷೆಯಲ್ಲಿ ನಾನು ಬರೆದ ಗಣೇಶನಿಗೂ ಬೆನ್ನು ತಿರುಗಿಸಿ ಕೂರಿಸಿದ್ದೆ. ಅದಕ್ಕೂ ಪಾಸ್ ಮಾಡಿದಿರಿ.

ನಮ್ಮಪ್ಪ ತೀರಿಕೊಂಡ ದಿನ ನೀವು ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅಪ್ಪ ರೇಷ್ಮೆ ರೀಲಿಂಗ್ ಮಾಡುತ್ತಿದ್ದವರು, ಮನೆ ಮುಂದೆಲ್ಲ ಗೂಡಿನ ಬುಟ್ಟಿ, ನೀರಿನ ನೀಲಿ ಡ್ರಮ್ಮು. ಜಗಲಿಯ ಮೇಲೆ ಮಲಗಿಸಿದ್ದೆವು. ನೀವು ಬಂದಿರಿ, ಹಾರ ಹಾಕಿದಿರಿ, ನನ್ನ ತಲೆ ಸವರಿದಿರಿ. ಅಲ್ಲಿಯವರೆಗೆ ಸರಿ. ಆಮೇಲೆ ಹಿಂದೆ ಹಿಂದೆ ಹೋಗಿ ಬೀದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ನನ್ನ ಚಿಕ್ಕಪ್ಪನಿಗೆ ಮೆಲ್ಲಗೆ, "ಆ ನೀಲಿ ಡ್ರಮ್ ಸ್ವಲ್ಪ ಆಚೆ ಸರಿಸ್ತೀರಾ? ಕಣ್ಣೆಲ್ಲ ಅಲ್ಲಿಗೇ ಹೋಗ್ತದೆ" ಅಂದಿರಿ! ಚಿಕ್ಕಪ್ಪ ಏನೋ ಶಾಸ್ತ್ರ ಇರಬೇಕು ಎಂದುಕೊಂಡು ಇಬ್ಬರನ್ನು ಕರೆದು ಡ್ರಮ್ ಎತ್ತಿಸಿದರು. ನನ್ನ ಅಪ್ಪನ ಹೆಣ ನಿಮಗೆ ಕಾಂಪೊಸಿಷನ್ ಆಗಿತ್ತಾ ಸಾರ್? ಅವತ್ತು ಕೇಳಲಿಲ್ಲ. ಡ್ರಮ್ ಸರಿದ ಮೇಲೆ ಅಪ್ಪನ ಮುಖ ನಿಜಕ್ಕೂ ಚೆನ್ನಾಗಿ ಕಾಣಿಸಿತು, ಅದೂ ಒಂದು ಸಂಕಟ.

ಚಿಂತಾಮಣಿಯಲ್ಲಿ ನಾನು ಫ್ಲೆಕ್ಸ್ ಅಂಗಡಿ ಹಾಕಿದಾಗ ನೀವು ಎಂಟು ತಿಂಗಳು ಮಾತು ಬಿಟ್ಟಿರಿ. ಕೊನೆಗೆ ಬಂದವರು ಅಂಗಡಿ ಎದುರು ಒಣಗಲು ಹಾಕಿದ್ದ ಭಾವಪೂರ್ಣ ಶ್ರದ್ಧಾಂಜಲಿಯ ಮುಂದೆ ನಿಂತು, ಚಪ್ಪಲಿ ಕೂಡ ಬಿಡದೆ ಶುರು ಮಾಡಿದಿರಿ. "ಏನಿದು ಶೈಲಾ? ಮೋಡ, ಪಾರಿವಾಳ, ಹಿಂದುಗಡೆಯಿಂದ ಟಾರ್ಚ್ ಬಿಟ್ಟಂಗೆ ಬೆಳಕು! ಸತ್ತೋರಿಗೆ ಮರ್ಯಾದೆ ಬೇಡ್ವಾ?" ನನಗೂ ರೇಗಿತು. "ಸಾರ್, ನಿಮ್ಮ ಯುರೋಪಿನವ್ರೂ ಇದನ್ನೇ ಮಾಡಿದ್ದು. ಅವ್ರದ್ದೂ ಮೋಡ, ಅವ್ರದ್ದೂ ಹಿಂದುಗಡೆ ಬೆಳಕು. ಅವ್ರು ಎಣ್ಣೆ ಬಣ್ಣದಲ್ಲಿ ಮಾಡಿದ್ರು, ನಾನು ಮೆಷಿನ್ನಲ್ಲಿ ಮಾಡ್ತೀನಿ, ಅಷ್ಟೇ" ಅಂದೆ. ಮುರುಗಮಲ್ಲದ ದರ್ಗಾಕ್ಕೆ ಬ್ಯಾನರ್ ಮಾಡಿಸಲು ಬಂದಿದ್ದ ಇಬ್ಬರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ತರಿಸಿದ ಟೀ ಮುಟ್ಟದೆ ನೀವು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಿರಿ. ಅವತ್ತು ನಾನು ಗೆದ್ದೆ ಎಂದುಕೊಂಡಿದ್ದೆ.

ನೀವು ಬರೆಯುತ್ತಿದ್ದ ಆ ದೊಡ್ಡ ಚಿತ್ರವನ್ನು ಮೊದಲ ಸಲ ತೋರಿಸಿದ್ದು ರಿಟೈರ್ ಆದ ಮೇಲೆ. ಬೀರುವಿನ ಹಿಂದಿನಿಂದ, ಹಳೇ ಸೀರೆ ಸುತ್ತಿದ್ದನ್ನು ನಾವಿಬ್ಬರೂ ಎಳೆದು ಹೊರಗಿಟ್ಟೆವು. ಆರಡಿ ಅಗಲ. ಹನ್ನೆರಡು ವರ್ಷದಿಂದ ಬರೆಯುತ್ತಿದ್ದೀನಿ, ಇನ್ನೂ ಮುಗಿದಿಲ್ಲ ಅಂದಿರಿ. ಎಲೆ ಇಲ್ಲದ ಓಕ್ ಮರಗಳು, ಮುರಿದ ಕಮಾನು, ನೆಲದ ತುಂಬ ಹಿಮ, ಮುಸುಕು ಹಾಕಿದ ಐದು ಜನ ಗಂಡಸರು. ಒಬ್ಬನ ತೋಳಿನಲ್ಲಿ ಬಿಳಿ ಬಟ್ಟೆ ಸುತ್ತಿದ ಸಣ್ಣ ಗಂಟು. ಒಬ್ಬ ಗುಂಡಿಯ ಪಕ್ಕ ಬಗ್ಗಿ ನಿಂತಿದ್ದ. ಎಲ್ಲ ಬೆನ್ನೇ, ಮುಖ ಯಾರದ್ದೂ ಇಲ್ಲ. ನಾನು ಕೇಳಿದ್ದು ನೆನಪಿದೆಯಾ? "ಸಾರ್, ನೀವು ತೋರಿಸ್ತಿದ್ದ ಚಿತ್ರಗಳಲ್ಲಿ ಒಂದೆರಡ್ರಲ್ಲಾದ್ರೂ ಹೆಂಗಸರು ಇರ್ತಿದ್ರು. ಇಲ್ಲಿ ಒಬ್ಬಳೂ ಇಲ್ವಲ್ಲ?" ನೀವು ಬ್ರಶ್ ಒರೆಸುತ್ತಾ, "ನಾನು ನೋಡಿದ್ದನ್ನ ಬರೀತೀನಿ" ಅಂದಿರಿ. "ಓಕ್ ಮರ ಎಲ್ಲಿ ನೋಡಿದ್ರಿ ಸಾರ್? ಹಿಮ ಎಲ್ಲಿ ನೋಡಿದ್ರಿ? ಸ್ಕಂದಗಿರಿ ಮೇಲಾ?" ನೀವು ಸೀರೆ ಎಳೆದು ಚಿತ್ರ ಮುಚ್ಚಿದಿರಿ. ಅಡುಗೆಮನೆ ಬಾಗಿಲಲ್ಲಿ ಜಯಮ್ಮನವರು ನಿಂತಿದ್ದರು. ಅವರು ಆ ಚಿತ್ರವನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ನನಗೆ ಗೊತ್ತಿಲ್ಲ. ನಿಮ್ಮ ಹೆಂಡತಿ ಮಾತು ಕಡಿಮೆಯವರು, ಪೂಜೆ ಪುನಸ್ಕಾರದವರು ಎಂದಷ್ಟೇ ನಾನು ತಿಳಿದಿದ್ದೆ.

ನಿಮ್ಮ ಹನ್ನೊಂದನೇ ದಿನದ ಕಾರ್ಯ ಮುಗಿದು, ನಂಟರೆಲ್ಲ ಹೊರಟ ಮೇಲೆ ಜಯಮ್ಮನವರು ನನ್ನನ್ನು ಒಳಗೆ ಕರೆದರು. ಬೀರು ಸರಿಸು ಅಂದರು. ಸೀರೆ ಬಿಚ್ಚಿದರು. ಬಿಳಿ ಗಂಟಿನ ಮೇಲೆ ಬೆರಳಿಟ್ಟು, "ಇದು ನನ್ನ ಮಗಳು" ಅಂದರು.

ಇಪ್ಪತ್ತೆರಡು ವರ್ಷ ನಿಮ್ಮ ಮನೆಯಲ್ಲಿ ಊಟ ಮಾಡಿದ್ದೀನಿ ಮೇಷ್ಟ್ರೇ. ನಿಮಗೊಬ್ಬಳು ಮಗಳಿದ್ದಳು, ಮಂಜು ಅಂತ ಹೆಸರು, ಮೂರು ವರ್ಷಕ್ಕೆ ಹೋದಳು ಎಂದು ನನಗೆ ಯಾಕೆ ಹೇಳಲಿಲ್ಲ? ಜಯಮ್ಮನವರೇ ಹೇಳಿದರು. ಆಗ ನೀವು ಗೌರಿಬಿದನೂರು ಕಡೆ ಸ್ಕೂಲಿನಲ್ಲಿದ್ದಿರಿ, ಅಲೀಪುರದ ಅಂಚಿನಲ್ಲಿ ಬಾಡಿಗೆ ಮನೆ. ಎರಡು ದಿನದ ಜ್ವರ. ಮೂರನೇ ದಿನ ಬೆಳಿಗ್ಗೆ ಮಗು ಇಲ್ಲ. ಶಿಡ್ಲಘಟ್ಟದಿಂದ ನಿಮ್ಮ ತಾಯಿ ಬಂದವರು ಬಾಗಿಲಲ್ಲೇ ತೀರ್ಮಾನ ಹೇಳಿದರಂತೆ. ಹೆತ್ತವಳು ಗುಂಡಿ ಹತ್ತಿರ ಹೋಗಬಾರದು. ಹೋಗುವುದಿರಲಿ, ಜಾಗ ಎಲ್ಲಿ ಅಂತ ಅವಳಿಗೆ ಗೊತ್ತೂ ಆಗಬಾರದು. ಗೊತ್ತಾದರೆ ಅವಳ ಮನಸ್ಸು ಅಲ್ಲೇ ಇರುತ್ತದೆ, ಮುಂದಿನ ಮಗು ನಿಲ್ಲುವುದಿಲ್ಲ. ನಿಮ್ಮ ಕೈ ಹಿಡಿದು ಮಾತು ತೆಗೆದುಕೊಂಡರಂತೆ. ನೀವು ಹೂಂ ಅಂದಿರಂತೆ. ನೀವು ಹೊರಟಾಗ ಜಯಮ್ಮನವರನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಕೂತಿದ್ದರಂತೆ.

"ಮುಂದಿನ ಮಗು ಬರಲೇ ಇಲ್ಲ ಕಣೇ," ಅಂದರು ಜಯಮ್ಮನವರು. "ಆಮೇಲೆ ಅತ್ತೇನೂ ಹೋದ್ರು. ಇನ್ಯಾರಿಗೋಸ್ಕರ ಬಚ್ಚಿಡ್ತೀರಾ, ಈಗ್ಲಾದ್ರೂ ತೋರ್ಸಿ ಅಂದೆ. ಮರ್ತೋಗಿದೆ, ಗಿಡ ಬೆಳ್ಕೊಂಡಿದೆ ಅಂದ್ರು. ಮೂವತ್ತು ಸಲ ಕೇಳಿರ್ಬೋದು, ಇದೇ ಮಾತು. ಕೊನೇಗೆ ಇದನ್ನ ಬರೆಯೋಕೆ ಶುರು ಮಾಡಿದ್ರು. ಮರ್ತಿದ್ರೆ ಹೆಂಗೆ ಬರೀತಾರೆ? ಜಾಗ ಇದ್ರೊಳಗೆ ಇರ್ಬೇಕು. ನಂಗೆ ಬರೀ ಮರ ಕಾಣ್ತದೆ. ನೀನು ಚಿತ್ರ ಓದೋಳು, ಓದಿ ಹೇಳು. ನಾನು ಸಾಯೋದ್ರೊಳಗೆ ಒಂದ್ಸಲ ಅಲ್ಲಿ ಕೂತು ಬರ್ಬೇಕು, ಅಷ್ಟೇ."

ಅವತ್ತು ಕೂತೆ ನೋಡಿ, ನಿಮ್ಮ ಚಿತ್ರದ ಮುಂದೆ. ಮೊಬೈಲಿನಲ್ಲಿ ತುಣುಕು ತುಣುಕಾಗಿ ಫೋಟೋ ತೆಗೆದು, ಅಂಗಡಿಯ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಒಂದು ವಾರ ನೋಡಿದೆ. ಮರ ನೋಡಿದರೆ ಜರ್ಮನಿಯದ್ದು. ಕಮಾನು ನೋಡಿದರೆ ನೀವು ಕ್ಲಾಸಿಗೆ ತರುತ್ತಿದ್ದ ಅದೇ ರಟ್ಟಿನದ್ದು, ಚೌಕುಳಿ ಗೆರೆ ಹಾಕಿ ಇಳಿಸಿದ್ದೀರಿ, ಬಣ್ಣದ ಕೆಳಗೆ ಪೆನ್ಸಿಲ್ ಕಾಣುತ್ತದೆ. ಬೆಟ್ಟವಾದರೂ ನಮ್ಮದಿರಬಹುದು ಎಂದು ಹುಡುಕಿದರೆ ಅದಕ್ಕೂ ಹಿಮ! ಗೌರಿಬಿದನೂರು ಸುತ್ತಮುತ್ತ ಎಷ್ಟು ಗುಡ್ಡ, ಎಷ್ಟು ಬಂಡೆ, ಎಷ್ಟು ಹುಣಸೆಮರ. ಒಂದನ್ನಾದರೂ ಬರೆಯಬಾರದಿತ್ತಾ? ಒಂದು ಹೊಂಗೆ ಗಿಡ, ಒಂದು ಕರೆಂಟ್ ಕಂಬ, ಒಂದು ಕೆರೆ ಕೋಡಿ? ನಿಮ್ಮ ಯುರೋಪಿನ ಹುಚ್ಚಿಗೆ ಬೆಂಕಿ ಹಾಕ ಎಂದು ಅಂಗಡಿಯಲ್ಲಿ ಎಲ್ಲರೆದುರು ಬೈದೆ. ಸ್ವಂತ ಮಗಳನ್ನು ಮಣ್ಣು ಮಾಡಿದ ಜಾಗವನ್ನು ಯಾರಾದರೂ ಪರದೇಶದ ಸ್ಮಶಾನ ಮಾಡುತ್ತಾರಾ?

ಆರನೇ ದಿನವೋ ಏಳನೇ ದಿನವೋ ನನಗೆ ಹೊಳೆಯಿತು, ಹೊಳೆದ ಮೇಲೆ ಕೋಪ ಇನ್ನೂ ಹೆಚ್ಚಾಯಿತು. ಹುಚ್ಚಿಗೆ ಬರೆದದ್ದಲ್ಲ ನೀವು. ಜಯಮ್ಮನವರು ನೋಡುತ್ತಾರೆ ಎಂದು ಗೊತ್ತಿತ್ತು. ಗುರುತು ಸಿಗುವ ಒಂದೊಂದನ್ನೇ ತೆಗೆದು, ಅದರ ಜಾಗಕ್ಕೆ ಇಲ್ಲದ್ದನ್ನು ತಂದು ಕೂರಿಸಿದಿರಿ. ಹುಣಸೆಮರ ಇದ್ದಿರಬಹುದಾದ ಕಡೆ ಓಕ್. ಕಳ್ಳಿಬೇಲಿ ಇದ್ದಿರಬಹುದಾದ ಕಡೆ ಚರ್ಚು. ತಾಯಿಗೆ ಕೊಟ್ಟ ಮಾತು ಉಳಿಯಬೇಕು, ಮನಸ್ಸಿನ ಭಾರವೂ ಇಳಿಯಬೇಕು, ಹೆಂಡತಿಗೆ ಮಾತ್ರ ಏನೂ ಸಿಗಬಾರದು. ಹನ್ನೆರಡು ವರ್ಷ ಕೂತು ಮಾಡಿದ ಕೆಲಸ ಇದಾ ಸಾರ್? ನಮಗೆ ನೀವು ಕಲಿಸಿದ್ದು ನೋಡುವುದನ್ನು. ಮನೆಯಲ್ಲಿ ಮಾಡಿದ್ದು...

ಜಯಮ್ಮನವರಿಗೆ ಸೋತೆ ಎಂದು ಹೇಳಲು ಶಿಡ್ಲಘಟ್ಟಕ್ಕೆ ಹೋದ ದಿನ, ಅವರು ನನ್ನ ಮೊಬೈಲ್ ಕಸಿದುಕೊಂಡರು. ಕಣ್ಣಿನ ಆಪರೇಷನ್ ಆದ ಮೇಲೆ ಈಗ ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ. ನಾನು ಹೇಗೆ ಹಿಗ್ಗಿಸುತ್ತೇನೆ ಎಂದು ನೋಡಿ ತಾವೂ ಎರಡು ಬೆರಳಿಂದ ಎಳೆಯತೊಡಗಿದರು. ಮರ ಎಳೆದರು, ಕಮಾನು ಎಳೆದರು. ಗುಂಡಿಯ ಪಕ್ಕ ಬಗ್ಗಿ ನಿಂತ ಮುಸುಕಿನ ಗಂಡಸಿನ ಕೈಗೆ ಬಂದಾಗ ನಿಂತರು. "ಅಯ್ಯೋ, ಇದು ಹೈದರಣ್ಣ ಕಣೇ," ಅಂದರು. ಗುದ್ದಲಿ ಹಿಡಿದ ಎಡಗೈಯಲ್ಲಿ ತೋರುಬೆರಳು ಅರ್ಧವೇ ಇತ್ತು. ನಾನು ಅದನ್ನು ನೂರು ಸಲ ನೋಡಿದ್ದೆ. ಬಣ್ಣ ಉದುರಿದೆ ಎಂದುಕೊಂಡಿದ್ದೆ! "ನಮ್ ಪಕ್ಕದ ಮನೆಯೋರು. ಹರಳು ಉಜ್ಜೋರು. ಚಕ್ರಕ್ಕೆ ಸಿಕ್ಕಿ ಬೆರಳು ಹೋಗಿತ್ತು."

ಮುಖದಲ್ಲಿ ಸುಳ್ಳು, ಮರದಲ್ಲಿ ಸುಳ್ಳು, ಬೆಟ್ಟದಲ್ಲೂ ಸುಳ್ಳು ಹೇಳಿದವರು, ಕೈ ಬಂದಾಗ ಮಾತ್ರ ನಿಮಗೆ ಆಗಲಿಲ್ಲ. ಅಥವಾ ಬೇಕೆಂದೇ ಬಿಟ್ಟಿರಾ? ಒಂದು ದಿನ ಅವರು ನೋಡಲಿ, ನೀವಾಗಿ ಹೇಳಿದ ಹಾಗೂ ಆಗಬಾರದು ಎಂದು? ನಿಮ್ಮನ್ನು ಒಳ್ಳೆಯವರನ್ನಾಗಿ ಮಾಡುವ ಉತ್ತರ ಇದೊಂದೇ. ನನಗೆ ಅದನ್ನು ನಂಬಬೇಕೆಂದು ಆಸೆ, ಪುರಾವೆ ಇಲ್ಲ.

ಗುಂಡಿ ತೋಡಿದವರಿಗೆ ಜಾಗ ಗೊತ್ತಿರಲೇಬೇಕು ಎಂದು ಮಾರನೇ ವಾರ ನನ್ನ ತಂಗಿಯ ಕಾರಿನಲ್ಲಿ ಹೊರಟೆವು. ಗೌರಿಬಿದನೂರು ಬಂದಾಗ ಜಯಮ್ಮನವರು, "ಹೆದರಿಕೆ ಆಗ್ತದೆ. ಹೈದರಣ್ಣ ಇಲ್ದೆ ಹೋದ್ರೆ?" ಅಂದರು. ಹೈದರ್ ಸಾಹೇಬರು ಇದ್ದರು. ಮನೆ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು, ಎಂಬತ್ತರ ಹತ್ತಿರ ಇರಬೇಕು. ಜಯಮ್ಮನವರನ್ನು ನೋಡಿ ಗೋಡೆ ಹಿಡಿದು ಎದ್ದರು. "ಬಂದ್ರಾ ಅಕ್ಕಾ. ಬರಕ್ಕೆ ಇಷ್ಟು ವರ್ಷ ಬೇಕಾಯ್ತಾ?" ಅಂದರು. ಆಮೇಲೆ ನಮ್ಮ ಹಿಂದೆ ಕಾರಿನ ಕಡೆ ನೋಡಿ, "ಮೇಷ್ಟ್ರು ಎಲ್ಲಿ? ಈ ವರ್ಷ ಇನ್ನೂ ಬರ್ಲಿಲ್ಲ" ಅಂದರು.

ಆ ಕ್ಷಣ ನೀವು ಅಲ್ಲಿರಬೇಕಿತ್ತು. ಜಯಮ್ಮನವರ ಬೆನ್ನನ್ನಲ್ಲ, ಮುಖವನ್ನು ನೋಡಬೇಕಿತ್ತು.

ನೀವು ಹೋದ ಸುದ್ದಿಯನ್ನು ಅವರಿಗೆ ನಾನೇ ಹೇಳಿದೆ. ಪ್ರತಿ ವರ್ಷ ಬರುತ್ತಿದ್ದಿರಂತೆ. ಒಂದು ವರ್ಷವೂ ತಪ್ಪಿಸಿಲ್ಲವಂತೆ. ಮನೆಯಲ್ಲಿ ಡ್ರಾಯಿಂಗ್ ಪರೀಕ್ಷೆಯ ಡ್ಯೂಟಿ, ಗೌರಿಬಿದನೂರಿಗೆ ಹಾಕಿದ್ದಾರೆ ಎಂದು ಹೇಳಿ ಬರುತ್ತಿದ್ದಿರಿ. ರಿಟೈರ್ ಆದ ಮೇಲೂ ಡ್ಯೂಟಿ! ನಾನೂ ನಂಬಿದ್ದೆ. ಈ ಮನುಷ್ಯನನ್ನು ಇಷ್ಟು ವಯಸ್ಸಾದರೂ ಪರೀಕ್ಷೆಗೆ ಕರೆಯುತ್ತಾರಲ್ಲ ಎಂದು ಹೆಮ್ಮೆ ಪಟ್ಟಿದ್ದೆ. "ಅಕ್ಕನ್ನೂ ಕರ್ಕೊಂಡು ಬನ್ನಿ ಅಂತ ನಾನು ಹೇಳ್ತಿದ್ದೆ," ಅಂದರು ಹೈದರ್ ಸಾಹೇಬರು. "ಅವ್ಳಿಗೆ ತಡ್ಕೊಳಕ್ಕೆ ಆಗಲ್ಲ ಅಂತ ಹೇಳೋರು." ಜಯಮ್ಮನವರು, "ಯಾರಿಗೆ ಆಗಲ್ಲ?" ಎಂದಷ್ಟೇ ಕೇಳಿದರು. ಹೈದರ್ ಸಾಹೇಬರು ಕೋಲು ತೆಗೆದುಕೊಂಡು ಮುಂದೆ ನಡೆದರು.

ಊರಾಚೆ, ಜೋಳದ ಹೊಲ ದಾಟಿ, ಹಳೇ ಸ್ಮಶಾನದ ಮೂಲೆ. ಮರೆತುಹೋಗಿದೆ, ಗಿಡ ಬೆಳೆದಿದೆ ಅಂದಿದ್ದಿರಲ್ಲ? ಲಂಟಾನ ಎಲ್ಲ ಕಡೆ ಆಳೆತ್ತರ ಬೆಳೆದಿತ್ತು. ಅಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಮಾತ್ರ ಸ್ವಚ್ಛ. ಹೈದರ್ ಸಾಹೇಬರೂ ನೀವೂ ವರ್ಷ ವರ್ಷ ಕಿತ್ತು ಇಟ್ಟಿದ್ದು. ತಲೆ ಕಡೆಗೆ ಒಂದು ಚಪ್ಪಟೆ ಕಲ್ಲು, ಕಾಲ ಕಡೆಗೆ ಒಂದು. ಎರಡರ ನಡುವೆ ಎಷ್ಟು ಕಡಿಮೆ ಅಂತರ ಮೇಷ್ಟ್ರೇ. ನಿಮ್ಮ ಚಿತ್ರದ ಯಾವ ಮರವೂ ಅಲ್ಲಿರಲಿಲ್ಲ, ಒಂದು ಬೇವು ಇತ್ತು, ಅದೂ ದೂರ. ಆಕಾಶ ಏನೂ ಮಾಡುತ್ತಿರಲಿಲ್ಲ. ಹೊಲದಲ್ಲಿ ಯಾರೋ ಪಂಪ್‌ಸೆಟ್ ರಿಪೇರಿಯವನಿಗೆ ಫೋನಿನಲ್ಲಿ ಕೂಗುತ್ತಿದ್ದರು.

ಜಯಮ್ಮನವರು ಕೂತರು. ಅಳುತ್ತಾರೆ ಎಂದು ನಾನು ನೀರಿನ ಬಾಟ್ಲಿ ಹಿಡಿದು ನಿಂತಿದ್ದೆ. ಅಳಲಿಲ್ಲ. ಮಣ್ಣಿನ ಮೇಲೆ ಕೈಯಾಡಿಸಿ ಅಲ್ಲಿದ್ದ ಒಂದೆರಡು ಹುಲ್ಲು ಕಿತ್ತರು. ಅವರನ್ನು ಸಮಾಧಾನ ಮಾಡಬೇಕು ಎಂದು ಹೈದರ್ ಸಾಹೇಬರು ಒಳ್ಳೆಯ ಮಾತು ಹೇಳಲು ಹೋದರು, ಪಾಪ. "ಮೇಷ್ಟ್ರು ಬರಿಗೈಲಿ ಬರ್ತಿರ್ಲಿಲ್ಲ ಅಕ್ಕಾ. ನೀವು ಕಟ್ಟಿಕೊಟ್ಟಿದ್ದ ಬುತ್ತಿ ಇಲ್ಲೇ ಬಿಚ್ಚೋರು. ಮೊದ್ಲು ಒಂದು ತುತ್ತು ಮಗೂಗೆ ಇಡೋರು. ಅವ್ರಮ್ಮ ಮಾಡಿದ್ದು ಅಂತ ಹೇಳೋರು. ಆಮೇಲೆ ತಾವು ತಿನ್ನೋರು."

ಜಯಮ್ಮನವರು ತಲೆ ಎತ್ತಿದರು. ಸಿಟ್ಟು ನೆತ್ತಿಗೇರಿದರೆ ಅವರಿಗೆ ತವರಿನ ತೆಲುಗು ಬರುತ್ತದೆ, ನಿಮಗೆ ಗೊತ್ತಲ್ಲ. "ನಾತೋ ಒಕ್ಕ ಮಾಟ ಚೆಪ್ಪುಂಟೇ ಏಮಯ್ಯೇದಿ?" ಎಂದು ಜೋರಾಗಿ ಕೂಗಿದರು, ನೀವು ಎದುರಿಗೇ ಕೂತಿದ್ದೀರಿ ಎನ್ನುವ ಹಾಗೆ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು. ಆಮೇಲೆ ನನ್ನ ಕಡೆ ತಿರುಗಿದರು. "ಚಿತ್ರಾನ್ನ ಕಣೇ ನಾನು ಕಟ್ತಿದ್ದಿದ್ದು. ಇವ್ರಿಗೆ ಖಾರ ಬೇಕು ಅಂತ ಹಸಿಮೆಣಸಿನಕಾಯಿ ಜಾಸ್ತಿ ಹಾಕ್ತಿದ್ದೆ. ಅವ್ಳಿಗೆ ಖಾರ ಆಗ್ತಿರ್ಲಿಲ್ಲ. ನಾಲ್ಗೆ ಉರಿ ಅಂತ ಅಳೋಳು. ಇಷ್ಟು ವರ್ಷ ನನ್ನ ಮಗೂಗೆ ನಾನೇ ಖಾರ ತಿನ್ಸಿದ್ನಲ್ಲೇ..." ಆಗ ಅತ್ತರು. ಹೈದರ್ ಸಾಹೇಬರು ಬೇವಿನ ಮರದ ಕಡೆ ಹೋಗಿ ನಿಂತರು. ನನ್ನ ಕೈಯಲ್ಲಿದ್ದ ಬಾಟ್ಲಿಯನ್ನು ಏನು ಮಾಡಬೇಕು ಎಂದು ತೋಚಲಿಲ್ಲ.

ಹದಿನೈದು ವರ್ಷದಿಂದ ಊರವರ ಸಾವಿಗೆಲ್ಲ ಫ್ಲೆಕ್ಸ್ ಮಾಡಿದ್ದೀನಿ, ನೀವು ತೋರಿಸಿದ ಎಲ್ಲ ಶೋಕವನ್ನೂ ನೋಡಿದ್ದೀನಿ. ಮೆಣಸಿನಕಾಯಿಗಾಗಿ ಅಳುವ ತಾಯಿಯನ್ನು ನಿಮ್ಮ ಯುರೋಪಿನವರು ಯಾರೂ ಬರೆದಿಲ್ಲ ಮೇಷ್ಟ್ರೇ. ಬರೆಯಲು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಾಗಬಹುದಿತ್ತು. ಅವರನ್ನು ಒಂದೇ ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿದ್ದರೆ, ಹನ್ನೆರಡು ವರ್ಷ ಮುಗಿಯದ ಆ ಚಿತ್ರ ಹನ್ನೆರಡು ದಿನದಲ್ಲಿ ಮುಗಿಯುತ್ತಿತ್ತು. ನೀವು ಒಬ್ಬರೇ ಹೋಗಿ, ಒಬ್ಬರೇ ತುತ್ತಿಟ್ಟು, ಒಬ್ಬರೇ ಅತ್ತು ಬಂದಿರಿ. ದುಃಖದಲ್ಲೂ ಪಾಲು ಕೊಡದಷ್ಟು ಜಿಪುಣತನವಾ? ನಿಮ್ಮನ್ನು ನೆನೆದರೆ ಪಾಪ ಅನ್ನಿಸುತ್ತದೆ. ಮರುಕ್ಷಣ ಎದುರಿಗೆ ಸಿಕ್ಕರೆ ಜಗಳ ಆಡಬೇಕು ಅನ್ನಿಸುತ್ತದೆ.

ಅವತ್ತಿನಿಂದ ಇವತ್ತಿನವರೆಗೆ ಜಯಮ್ಮನವರು ನಾಲ್ಕು ಸಲ ಅಲೀಪುರಕ್ಕೆ ಹೋಗಿ ಬಂದಿದ್ದಾರೆ. ಮೊದಲ ಸಲ ಬಿಟ್ಟರೆ ಮಿಕ್ಕಿದ್ದೆಲ್ಲ ಒಬ್ಬರೇ, ಬಸ್ಸಿನಲ್ಲಿ. ಹೋಗುವಾಗ ಮೊಸರನ್ನ, ಇಲ್ಲವೇ ಪಾಯಸ. ತಡೆದುಕೊಳ್ಳಲು ಆಗುವುದಿಲ್ಲ ಎಂದಿದ್ದಿರಲ್ಲ, ಚೆನ್ನಾಗಿಯೇ ತಡೆದುಕೊಂಡಿದ್ದಾರೆ. ಹೈದರ್ ಸಾಹೇಬರ ಸೊಸೆಗೆ ಕಾಂಗ್ರೆಸ್ ಕಡಲೆಕಾಯಿ ಮಾಡುವುದನ್ನೂ ಕಲಿಸಿ ಬಂದಿದ್ದಾರೆ.

ಹೋದ ವಾರ ನಿಮ್ಮ ತಮ್ಮ ನನ್ನ ಅಂಗಡಿಗೆ ಬಂದಿದ್ದರು. ಹಿಪ್ಪುನೇರಳೆ ತೋಟದಲ್ಲಿ ನಿಮ್ಮನ್ನು ಮಣ್ಣು ಮಾಡಿದ ಕಡೆ ಗ್ರಾನೈಟಿನಲ್ಲಿ ಸಮಾಧಿ ಕಟ್ಟಿಸುತ್ತಾರಂತೆ. ನೀವು ಆಸ್ಪತ್ರೆಗೆ ಸೇರುವ ಮೊದಲೇ ಅವರಿಗೆ ಹೇಳಿದ್ದಿರಂತೆ, ಪಕ್ಕದಲ್ಲಿ ಜಯಳಿಗೂ ಜಾಗ ಬಿಡು ಅಂತ. ಹಾಗಾಗಿ ಇಬ್ಬರಿಗೂ ಸೇರಿಸಿ ಒಂದೇ ಕಟ್ಟೆ, ಎರಡು ಹೆಸರು, ಅತ್ತಿಗೆಯ ಹೆಸರಿನ ಕೆಳಗೆ ತಾರೀಖಿಗೆ ಖಾಲಿ ಬಿಟ್ಟು ಡಿಸೈನ್ ಮಾಡಿಕೊಡು ಅಂದರು. ಮಾಡಿದೆ. ತೋರಿಸೋಣ ಎಂದು ಶಿಡ್ಲಘಟ್ಟಕ್ಕೆ ಹೋದೆ. ಜಯಮ್ಮನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ನನ್ನ ಹೆಸರು ತೆಗಿ," ಅಂದರು. "ಹೈದರಣ್ಣನ್ನ ಕೇಳಿದೀನಿ. ಊರೋರನ್ನೂ ಕೇಳಿದಾರೆ. ಅಲ್ಲಿ ಜಾಗ ಐತೆ, ಬನ್ನಿ ಅಂದವ್ರೆ. ಇವ್ರ ಪಕ್ಕ ನಲವತ್ತು ವರ್ಷ ಇದ್ದೆ ಕಣೇ. ಅವ್ಳ ಪಕ್ಕ ಬರೀ ಮೂರು."

ನಿಮ್ಮ ತಮ್ಮ ಕೂಗಾಡಿದರು, ನಂಟರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ನನ್ನನ್ನೇ ಬೈಯುತ್ತಿದ್ದಾರೆ. ಆ ದಿನ ಬಂದಾಗ ಅವರನ್ನು ಅಲೀಪುರಕ್ಕೆ ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟಿದ್ದೀನಿ, ಯಾರು ಅಡ್ಡ ಬಂದರೂ ಸರಿ. ಬೇಡ ಎನ್ನಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ನಿನ್ನೆ ಹೊಸ ಡಿಸೈನ್ ಕಳಿಸಿದೆ. ಕಟ್ಟೆ ಚಿಕ್ಕದಾಯಿತು. ನಿಮ್ಮದೊಂದೇ ಹೆಸರು.

ನಿಮ್ಮ ಶಿಷ್ಯೆ,
ಶೈಲಾ